ದೂರದ ಶಾಲೆಯ ಪ್ರಯಾಣವನ್ನು ಕಾಲೇಜು ಅರ್ಜಿಯಲ್ಲಿ ಕಷ್ಟವೆಂದು ಬರೆಯಬಹುದೇ?

ಪ್ರಶ್ನೆ (ಪೆರ್ಲ)

ನನ್ನ ತಂಗಿ ಪ್ಲಸ್ ಟು (ಹನ್ನೆರಡನೇ ತರಗತಿ) ವಿಜ್ಞಾನ ಓದುತ್ತಿದ್ದು, ಹಲವು ಕಾಲೇಜುಗಳಿಗೆ ಒಂದೇ ಅರ್ಜಿ ಸಲ್ಲಿಸುವ ಆನ್‌ಲೈನ್ ವ್ಯವಸ್ಥೆಯಾದ ಕಾಮನ್ ಆ್ಯಪ್ ಮೂಲಕ ಅಮೆರಿಕದ ಕೆಲವು ಕಾಲೇಜುಗಳಿಗೆ ಅರ್ಜಿ ಹಾಕುವ ಸಿದ್ಧತೆಯಲ್ಲಿದ್ದಾಳೆ. ಎರಡನೇ ಭಾಷೆಯಾಗಿ ಕನ್ನಡವಿರುವ ಶಾಲೆ ಅಲಾಟ್‌ಮೆಂಟಿನಲ್ಲಿ (ಸೀಟು ಹಂಚಿಕೆಯಲ್ಲಿ) ಆಕೆಗೆ ಸಿಕ್ಕಿದ್ದು ಕಾಸರಗೋಡು ಪೇಟೆಯಲ್ಲಿ. ಮನೆಯಿಂದ ಗುಡ್ಡ ಇಳಿದು ಪೆರ್ಲಕ್ಕೆ ಬಂದು, ಬದಿಯಡ್ಕ ದಾರಿಯ ಬಸ್ಸು ಹಿಡಿದು ಶಾಲೆ ಮುಟ್ಟಲು ಸುಮಾರು ಎರಡು ಗಂಟೆ ಬೇಕು. ಸಂಜೆ ಇನ್ನೂ ಹೆಚ್ಚು, ಏಕೆಂದರೆ ರಿಯಾಯಿತಿ ಟಿಕೆಟಿನ ಮಕ್ಕಳನ್ನು ಬಸ್ಸು ಹೊರಡುವವರೆಗೂ ಬಾಗಿಲ ಹೊರಗೆ ಸಾಲಾಗಿ ನಿಲ್ಲಿಸುತ್ತಾರೆ. ಮಳೆ ಬಂದರೂ ಆ ಸಾಲು ಕದಲುವಂತಿಲ್ಲ. ಹೀಗಾಗಿ ಶಾಲೆ ಬಿಟ್ಟ ಮೇಲಿನ ಯಾವ ಸಂಘಕ್ಕೂ, ಕಲೋತ್ಸವದ (ಶಾಲಾ ಕಲಾಸ್ಪರ್ಧೆಯ) ಅಭ್ಯಾಸಕ್ಕೂ ಆಕೆ ನಿಲ್ಲಲಾಗಲಿಲ್ಲ. ಇದನ್ನು ಬರೆದರೆ ದೂರು ಹೇಳಿಕೊಂಡಂತಾದೀತೇ?

ಉತ್ತರ (ಮಂಜೇಶ್ವರ, ಈಗ ಅಮೆರಿಕದಲ್ಲಿ ವಿದ್ಯಾರ್ಥಿ)

ಖಂಡಿತ ಬರೆಯಲಿ, ಆದರೆ 650 ಪದಗಳ ಮುಖ್ಯ ಪ್ರಬಂಧದಲ್ಲಿ ಬೇಡ. ಆ ಜಾಗ ಆಕೆಯ ಆಸಕ್ತಿಗೂ ಆಲೋಚನೆಗೂ ಇರಲಿ. ಸವಾಲು ಮತ್ತು ಸಂದರ್ಭಗಳನ್ನು ತಿಳಿಸಲು ಅರ್ಜಿಯಲ್ಲಿ 250 ಪದಗಳ ಪ್ರತ್ಯೇಕ ಭಾಗವಿದೆ; ಇದು ಅಲ್ಲಿಗೇ ಸೇರಬೇಕಾದ ವಿಷಯ. ದೂರವನ್ನು ಕಿಲೋಮೀಟರಿನಲ್ಲಿ ಹೇಳದೆ ಸಮಯದಲ್ಲಿ ಹೇಳಲಿ, ಏಕೆಂದರೆ ಸ್ವಂತ ಕಾರಿನಲ್ಲಿ ಹೆದ್ದಾರಿ ಹಿಡಿದು ಓಡಾಡುವವರಿಗೆ ನಮ್ಮ ಕಿಲೋಮೀಟರುಗಳು ಅರ್ಧ ಗಂಟೆಯ ದಾರಿಯಾಗಿ ಕಾಣುತ್ತವೆ. ಹತ್ತಿರದ ಶಾಲೆಗೆ ಏಕೆ ಹೋಗಲಿಲ್ಲ ಎಂಬ ಪ್ರಶ್ನೆ ಅರ್ಜಿ ಓದುವವರಿಗೆ ಏಳುವುದು ಸಹಜ. 1956ರಲ್ಲಿ ಕೇರಳಕ್ಕೆ ಸೇರಿದ ಕನ್ನಡ ಪ್ರದೇಶದಲ್ಲಿ ಮನೆಮಾತನ್ನು ಶಾಲೆಯಲ್ಲೂ ಉಳಿಸಿಕೊಳ್ಳಲು ಒಂದು ಮಗು ಎಷ್ಟು ದೂರ ಹೋಗಬೇಕಾಗುತ್ತದೆ ಎಂಬುದನ್ನು ಒಂದೆರಡು ವಾಕ್ಯಗಳಲ್ಲಿ ವಿವರಿಸಿದರೆ ಅದಕ್ಕೆ ಉತ್ತರ ಸಿಗುತ್ತದೆ.

ಉತ್ತರ (ಮುಳ್ಳೇರಿಯ, ಹೈಯರ್ ಸೆಕೆಂಡರಿ ಅಧ್ಯಾಪಕಿ)

ಮೇಲಿನ ಮಾತನ್ನು ಒಪ್ಪುತ್ತೇನೆ, ಆದರೆ ಅಷ್ಟರಿಂದಲೇ ಕೆಲಸವಾಗದು. ನಮ್ಮ ತರಗತಿಗಳಲ್ಲಿ ದೂರದಿಂದ ಬರುವ ಮಕ್ಕಳು ಅನೇಕರಿದ್ದಾರೆ. ಪ್ರಯಾಣ ದೀರ್ಘವೆಂಬುದಕ್ಕಿಂತ ಅದು ಆಕೆಯಿಂದ ಏನನ್ನು ಕಸಿದುಕೊಂಡಿತು, ಅದರ ನಡುವೆಯೂ ಆಕೆ ಏನು ಮಾಡಿದಳು ಎಂಬುದೇ ಮುಖ್ಯ. ಶಾಲೆಯ ಪರವಾಗಿ ಹೋಗುವ ಪತ್ರದಲ್ಲೂ ಇದೇ ವಿಷಯ ಬರಬೇಕು. ನಮ್ಮ ಶಾಲೆಗಳಲ್ಲಿ ಆ ಕಾಲೇಜುಗಳು ಕೇಳುವಂಥ ಕೌನ್ಸೆಲರ್ (ವಿದ್ಯಾರ್ಥಿ ಸಲಹೆಗಾರ) ಇಲ್ಲದಿದ್ದರೆ ಪ್ರಾಂಶುಪಾಲರೋ ತರಗತಿ ಅಧ್ಯಾಪಕರೋ ಅದನ್ನು ಬರೆಯಬಹುದು. ಬಸ್ಸು ತಪ್ಪಿದ ದಿನ ಮೊದಲ ಪಿರಿಯಡ್ ಕೈತಪ್ಪುವುದನ್ನು ಕಣ್ಣಾರೆ ಕಂಡವರು ಅವರೇ, ಆದ್ದರಿಂದ ಅವರ ಎರಡು ವಾಕ್ಯಗಳಿಗೆ ತೂಕ ಹೆಚ್ಚು.

ಇನ್ನೊಂದು ವಿಷಯ. ಚಟುವಟಿಕೆಗಳ ಪಟ್ಟಿಯಲ್ಲಿರುವ ಹತ್ತು ಸ್ಥಾನಗಳಿಗೆ ಕ್ಲಬ್ಬು, ಪದಕಗಳೇ ಬೇಕೆಂದಿಲ್ಲ. ಮನೆಯ ಜವಾಬ್ದಾರಿಗೂ ಅಲ್ಲಿ ಪ್ರತ್ಯೇಕ ವರ್ಗವಿದೆ. ಆಕೆ ಹಟ್ಟಿಯ (ದನದ ಕೊಟ್ಟಿಗೆಯ) ಕೆಲಸ ಮಾಡುತ್ತಿದ್ದರೆ, ಅಜ್ಜಿಯ ಆರೈಕೆ ನೋಡಿಕೊಳ್ಳುತ್ತಿದ್ದರೆ, ವಾರಕ್ಕೆ ಎಷ್ಟು ಗಂಟೆ ಎಂಬುದರ ಸಮೇತ ಸಂಕೋಚವಿಲ್ಲದೆ ಬರೆಯಲಿ. ನಮ್ಮ ಹೆಣ್ಣುಮಕ್ಕಳು ಅದನ್ನು ಕೆಲಸವೆಂದೇ ಎಣಿಸುವುದಿಲ್ಲ ಎಂಬುದು ನನಗೆ ಬಹಳ ನೋವಿನ ಸಂಗತಿ.

ಪ್ರಶ್ನೆ ಕೇಳಿದವರು (ಪೆರ್ಲ)

ಇಬ್ಬರಿಗೂ ಕೃತಜ್ಞತೆಗಳು. ಟೀಚರೇ, ಬೆಳಿಗ್ಗೆ ಹಾಲು ಕರೆದು ಸೊಸೈಟಿಗೆ ಮುಟ್ಟಿಸಿ ಬಸ್ಸಿಗೆ ಓಡುವವಳು ಅವಳೇ. ಅದು ಅರ್ಜಿಗೆ ಸೇರಬಹುದೆಂದು ಮನೆಯಲ್ಲಿ ಯಾರಿಗೂ ಹೊಳೆದಿರಲಿಲ್ಲ. ಓಣಂ ರಜೆಗೆ ಮುಂಚೆಯೇ ಪ್ರಾಂಶುಪಾಲರನ್ನು ಕಂಡು ಪತ್ರದ ವಿಷಯ ಮಾತಾಡುತ್ತೇವೆ.