ತರಗತಿಯಲ್ಲಿ ತುಟಿ ಬಿಚ್ಚದ ಮಕ್ಕಳು: ಐಟಿಐ ಬೋಧಕರಲ್ಲಿ ಒಂದು ಪ್ರಶ್ನೆ

ಪ್ರಶ್ನೆ: ಬೋಧಕಿ, ತೀರ್ಥಹಳ್ಳಿ ಸೀಮೆ

ಎಲ್ಲರಿಗೂ ನಮಸ್ಕಾರ. ನಾನು ಇಲ್ಲಿನ ಒಂದು ಐಟಿಐಯಲ್ಲಿ ಎಲೆಕ್ಟ್ರಿಷಿಯನ್ ಟ್ರೇಡಿನ ಬೋಧಕಿಯಾಗಿ ಸೇರಿ ಮೂರನೆಯ ವರ್ಷ ನಡೆಯುತ್ತಿದೆ. ಎರಡನೆಯ ವರ್ಷದ ತರಗತಿಯಲ್ಲಿ ಇಪ್ಪತ್ತು ಮಕ್ಕಳಿದ್ದಾರೆ. ವರ್ಕ್‌ಶಾಪಿನಲ್ಲಿ ಅಷ್ಟಿಷ್ಟು ಚುರುಕಾಗಿಯೇ ಇರುವ ಇವರು ಟ್ರೇಡ್ ಥಿಯರಿಯ ಗಂಟೆ ಬಂತೆಂದರೆ ತಲೆ ತಗ್ಗಿಸಿ ಕುಳಿತುಬಿಡುತ್ತಾರೆ. ಅರ್ಥವಾಯಿತೇ ಎಂದರೆ ಎಲ್ಲರೂ ಒಟ್ಟಾಗಿ ಹೂಂಗುಟ್ಟುತ್ತಾರೆ, ಮರುದಿನ ಅದನ್ನೇ ಕೇಳಿದರೆ ಒಬ್ಬರೂ ಬಾಯಿ ತೆರೆಯುವುದಿಲ್ಲ. ದೀಪಾವಳಿ ಕಳೆದು ಅಡಿಕೆ ಕೊಯ್ಲು ಶುರುವಾದ ಮೇಲಂತೂ ಅರ್ಧ ಬೆಂಚುಗಳು ಖಾಲಿ. ಶೇ. 80 ಹಾಜರಾತಿ ಇಲ್ಲದಿದ್ದರೆ ಪರೀಕ್ಷೆಗೆ ಕೂರಿಸುವುದಿಲ್ಲವೆಂದು ಹೆದರಿಸಿದೆ. ಕೆಲವರು ಬಂದರು, ಆದರೆ ಬಂದು ಕುಳಿತಷ್ಟೇ ಆಯಿತು.

ಕಳೆದ ವಾರ ಒಬ್ಬ ಹುಡುಗ, "ಎಸ್ಸೆಸ್ಸೆಲ್ಸಿಯಲ್ಲಿ ಮಾರ್ಕ್ಸ್ ಬರಲಿಲ್ಲ ಮೇಡಂ, ಅದಕ್ಕೇ ಇಲ್ಲಿಗೆ ಹಾಕಿದ್ರು" ಎಂದ. ಅದರಲ್ಲಿ ದೂರೂ ಇರಲಿಲ್ಲ, ದುಃಖವೂ ಇರಲಿಲ್ಲ. ಅದೇ ನನ್ನನ್ನು ಹೆಚ್ಚು ನೋಯಿಸಿತು. ತಾವು ಕಲಿಯುತ್ತಿರುವುದು ಬೆಲೆಯುಳ್ಳ ವಿದ್ಯೆಯೆಂದು ಇವರಿಗೆ ಅನ್ನಿಸುವಂತೆ ಮಾಡಲು ಬಲ್ಲವರು ದಾರಿ ತೋರಿಸಬೇಕೆಂದು ವಿನಂತಿ.

ಉತ್ತರ: ನಿವೃತ್ತ ಬೋಧಕ, ಭದ್ರಾವತಿ

ಮೇಡಂ, ಮೊದಲು ಒಂದು ಮಾತು. ನಾನು ಕೆಲಸ ಮಾಡಿದ ಊರು 1923ರಲ್ಲಿ ಉತ್ಪಾದನೆ ಆರಂಭಿಸಿದ ಕಬ್ಬಿಣದ ಕಾರ್ಖಾನೆಯ ಊರು. ಒಂದು ಕಾಲಕ್ಕೆ ಅಲ್ಲಿಯ ಹುಡುಗನಿಗೆ ಫಿಟ್ಟರ್ ಕಲಿತರೆ ಎಲ್ಲಿಗೆ ಹೋಗಬಹುದೆಂಬುದನ್ನು ಯಾರೂ ಹೇಳಿಕೊಡಬೇಕಿರಲಿಲ್ಲ. ಬೆಳಿಗ್ಗೆ ಸೈರನ್ ಕೂಗಿದಾಗ ಅಪ್ಪನೋ ಮಾವನೋ ಸೈಕಲ್ ಹತ್ತುವುದನ್ನು ಅವನು ದಿನವೂ ನೋಡುತ್ತಿದ್ದ. ನಿಮ್ಮ ಮಕ್ಕಳಿಗೆ ಹಾಗೆ ಕಣ್ಣೆದುರು ಕಾಣುವ ದಾರಿ ಇಲ್ಲ. ಆಸಕ್ತಿ ಇಲ್ಲವೆಂದು ನಾವು ಹೇಳುವುದರಲ್ಲಿ ಮುಕ್ಕಾಲು ಪಾಲು ಇದೇ ಇರುತ್ತದೆ ಎಂಬುದು ನನ್ನ ಅನುಭವ.

ಆದ್ದರಿಂದ ಉಪದೇಶ ಬೇಡ, ಪದಾರ್ಥ ತನ್ನಿ. ಕೊಯ್ಲಿಗೆಂದು ರಜೆ ಹಾಕಿದವರ ಮನೆಯಲ್ಲೇ ಅಡಿಕೆ ಸುಲಿಯುವ ಮೆಷಿನ್ ಇರುತ್ತದೆ, ತೋಟದಲ್ಲಿ ಪಂಪ್‌ಸೆಟ್ ಇರುತ್ತದೆ, ಪ್ರತಿ ಸೀಸನ್ನಿನಲ್ಲೂ ಯಾರದ್ದಾದರೊಂದು ಮೋಟಾರು ಸುಟ್ಟೇ ಸುಡುತ್ತದೆ. ಅಂಥದ್ದೊಂದನ್ನು ತರಗತಿಯ ಮೇಜಿನ ಮೇಲಿಡಿ. ಏಕೆ ಸುಟ್ಟಿತೆಂದು ಅವರೇ ಹೇಳಲಿ. ಆ ವಾರ ಪುಸ್ತಕ ತೆರೆಯಲೇಬೇಡಿ. ಗೈರುಹಾಜರಾಗಿದ್ದವನನ್ನು ಎಲ್ಲಿಗೆ ಹೋಗಿದ್ದೆ ಎಂದು ಗದರುವ ಬದಲು, ನಿಮ್ಮ ಮನೆಯ ಮೆಷಿನ್ನಿಗೆ ಎಷ್ಟು ಎಚ್‌ಪಿ ಮೋಟಾರು, ಮೀಟರಿನಿಂದ ಅಲ್ಲಿಗೆ ಎಷ್ಟು ಉದ್ದದ ವೈರು ಎಳೆದಿದ್ದೀರಿ ಎಂದು ಕೇಳಿ ನೋಡಿ.

ಉತ್ತರ: ಮೋಟಾರ್ ವೈಂಡಿಂಗ್ ಅಂಗಡಿ, ಸಾಗರ

ನಾನೂ ಅದೇ ಹಿಂದಿನ ಬೆಂಚಿನಲ್ಲಿ ಕುಳಿತಿದ್ದವನು, ಮೇಡಂ. ಅರ್ಥವಾಗದೆ ಸುಮ್ಮನಿದ್ದೆ ಎನ್ನುವುದಕ್ಕಿಂತ, ತಪ್ಪು ಹೇಳಿದರೆ ಹೈಸ್ಕೂಲಿನಲ್ಲಿ ಆದ ಹಾಗೆ ಎಲ್ಲರೆದುರು ಮರ್ಯಾದೆ ಹೋಗುತ್ತದೆಂದು ಸುಮ್ಮನಿದ್ದೆ. ಒಂದು ದಿನ ನಮ್ಮ ಸರ್ ವೈಂಡಿಂಗ್ ಬಿಚ್ಚಿದ ಸ್ಟೇಟರ್ (ಮೋಟಾರಿನ ತಿರುಗದ ಹೊರಭಾಗ) ಒಂದನ್ನು ನನ್ನ ಕೈಗಿಟ್ಟು, "ಇದು ಮುಗಿಯುವವರೆಗೂ ನಿನ್ನದೇ" ಎಂದರು. ಸುರುಳಿಯ ಸುತ್ತು ಎರಡು ಬಾರಿ ತಪ್ಪಿತು. ತಾಮ್ರದ ತಂತಿ ದುಬಾರಿ ವಸ್ತು, ಆದರೂ ಅವರು ಬೈಯದೆ, ತಂತಿ ಕೂರುವ ಎಷ್ಟನೆಯ ಸ್ಲಾಟಿನಲ್ಲಿ ತಪ್ಪಿತೆಂದು ನನ್ನಿಂದಲೇ ಹುಡುಕಿಸಿದರು. ಮೂರನೆಯ ಬಾರಿ ಮೋಟಾರು ತಿರುಗಿದಾಗ ಆದ ಸಂತೋಷ ಇಂದಿಗೂ ನೆನಪಿದೆ. ಮಕ್ಕಳ ಕೈಗೆ ಪೂರ್ತಿ ಒಂದು ಕೆಲಸ ಕೊಡಿ. ವೈರು ಹಿಡಿದುಕೋ, ಟಾರ್ಚ್ ಹಿಡಿದುಕೋ ಎಂಬ ಕೆಲಸದಿಂದ ಯಾರಿಗೂ ಹುರುಪು ಬರುವುದಿಲ್ಲ.

ಉತ್ತರ: ಪಾಲಿಟೆಕ್ನಿಕ್ ಉಪನ್ಯಾಸಕ, ಶಿವಮೊಗ್ಗ

ಭದ್ರಾವತಿಯ ಹಿರಿಯರ ಮಾತಿನಲ್ಲಿ ಹೆಚ್ಚಿನದನ್ನು ಒಪ್ಪುತ್ತೇನೆ, ಪುಸ್ತಕ ತೆರೆಯಲೇಬೇಡಿ ಎಂಬುದನ್ನು ಮಾತ್ರ ಒಪ್ಪಲಾರೆ. ಸುಟ್ಟ ಮೋಟಾರಿನಿಂದ ಆರಂಭಿಸುವುದು ಸರಿ, ಆದರೆ ಅಂದೇ ಲೆಕ್ಕದವರೆಗೆ ತಲುಪಬೇಕು. ಪಂಪ್‌ಸೆಟ್ಟಿನಲ್ಲಿರುವಂಥ ಇಂಡಕ್ಷನ್ ಮೋಟಾರಿನ ಟಾರ್ಕ್, ಅಂದರೆ ತಿರುಗಿಸುವ ಬಲ, ವೋಲ್ಟೇಜಿನ ವರ್ಗಕ್ಕೆ (ವೋಲ್ಟೇಜನ್ನು ಅದರಿಂದಲೇ ಗುಣಿಸಿದ್ದಕ್ಕೆ) ಅನುಗುಣವಾಗಿರುತ್ತದೆ. 230 ವೋಲ್ಟ್ ಬರಬೇಕಾದಲ್ಲಿ 184 ಬಂದರೆ ವೋಲ್ಟೇಜು ಶೇ. 80ಕ್ಕೆ ಇಳಿದಿರುತ್ತದೆ, ಟಾರ್ಕ್ ಮಾತ್ರ ಶೇ. 64ಕ್ಕೆ ಕುಸಿದಿರುತ್ತದೆ. ಹೊರೆ ಅಷ್ಟೇ ಇರುವುದರಿಂದ ಮೋಟಾರು ಹೆಚ್ಚು ಕರೆಂಟು ಎಳೆದು ಕಾಯುತ್ತದೆ, ಹಾಗೆಯೇ ಓಡಿಸಿದರೆ ಸುಡುತ್ತದೆ. ಇದನ್ನು ಲೆಕ್ಕ ಹಾಕಿ ತೋರಿಸಬಲ್ಲವನು ಮೇಸ್ತ್ರಿಯಾಗುತ್ತಾನೆ, ತೋರಿಸಲಾರದವನು ಬಹುಕಾಲ ಹೆಲ್ಪರ್ ಆಗಿಯೇ ಉಳಿಯುತ್ತಾನೆ. ಮಕ್ಕಳಿಗೆ ಕಷ್ಟವೆಂದು ಲೆಕ್ಕವನ್ನು ಕೈಬಿಟ್ಟರೆ ನಾವೇ ಅವರಿಗೆ ಅನ್ಯಾಯ ಮಾಡಿದಂತಾಗುತ್ತದೆ.

ಇನ್ನೊಂದು ಪ್ರಯೋಗ ಮೊದಲ ವರ್ಷದವರಿಗೂ ಹೊಂದುತ್ತದೆ. ನಿಮ್ಮ ಆವರಣದ ಅರ್ಥಿಂಗ್ ಗುಂಡಿಯ ರೆಸಿಸ್ಟೆನ್ಸನ್ನು (ಕರೆಂಟಿಗೆ ಮಣ್ಣು ಒಡ್ಡುವ ತಡೆಯನ್ನು) ಜಂಬುಮಣ್ಣು ಒಣಗಿ ಬಿರಿಯುವ ಏಪ್ರಿಲ್‌ನಲ್ಲಿ ಒಮ್ಮೆ, ಜುಲೈ ಮಳೆಯಲ್ಲಿ ಒಮ್ಮೆ ಮಕ್ಕಳಿಂದಲೇ ಅಳೆಸಿ ಗೋಡೆಯ ಮೇಲೆ ಬರೆಸಿ. ಗುಂಡಿಗೆ ಉಪ್ಪು, ಇದ್ದಿಲು ಏಕೆ, ಬೇಸಿಗೆಯಲ್ಲಿ ನೀರು ಏಕೆ ಎಂಬುದು ಆ ಎರಡು ಅಂಕಿಗಳಿಂದಲೇ ತಿಳಿಯುತ್ತದೆ.

ಭಾಷೆಯ ಕಡೆಗೂ ಗಮನವಿರಲಿ. ಕನ್ನಡ ಮಾಧ್ಯಮದಿಂದ ಬಂದವರಿಗೆ ವಿಷಯಕ್ಕಿಂತ ಇಂಗ್ಲಿಷ್ ಪದಗಳೇ ದೊಡ್ಡ ಅಡ್ಡಿಯಾಗಿರುತ್ತವೆ. ಸಂಗತಿಯನ್ನು ಮೊದಲು ತಮ್ಮ ಮಾತಿನಲ್ಲೇ ಹೇಳಲಿ, ಪಾರಿಭಾಷಿಕ ಪದ ಆಮೇಲೆ ಬರಲಿ.

ಪ್ರಶ್ನೆ ಕೇಳಿದವರಿಂದ, ಮೂರು ವಾರಗಳ ನಂತರ

ಎಲ್ಲರಿಗೂ ಕೃತಜ್ಞತೆಗಳು. ಒಬ್ಬ ವಿದ್ಯಾರ್ಥಿಯ ಮನೆಯಿಂದ ಸುಲಿಯುವ ಮೆಷಿನ್ನಿನ ಸುಟ್ಟ ಮೋಟಾರನ್ನು ತರಿಸಿದೆ. ಏಕೆ ಸುಟ್ಟಿರಬಹುದೆಂದು ಕೇಳಿ ಬಹಳ ಹೊತ್ತು ಕಾದೆ, ಆ ಹೊತ್ತು ಉತ್ತರವನ್ನು ನಾನೇ ಹೇಳಿಬಿಡದಿರುವುದು ನನಗೆ ನಿಜಕ್ಕೂ ಕಷ್ಟವಾಯಿತು. ಕೊನೆಗೆ ಮಾತನಾಡಿದವನು, ಮಾರ್ಕ್ಸ್ ಬರಲಿಲ್ಲವೆಂದು ಹೇಳಿದ್ದ ಅದೇ ಹುಡುಗ. ಸಂಜೆ ಕೇರಿಯ ಎಲ್ಲ ಮನೆಗಳಲ್ಲೂ ಸುಲಿಯಲು ಶುರುಮಾಡಿದಾಗ ಬಲ್ಬು ಕೆಂಪಗಾಗುತ್ತದೆ, ಮೋಟಾರು ತಿರುಗದೆ ಗುಂಯ್‌ಗುಡುತ್ತದೆ, ಆದರೂ ಅಪ್ಪ ಸ್ವಿಚ್ ಆರಿಸುವುದಿಲ್ಲ ಎಂದ. ಅಲ್ಲಿಂದ 0.8ನ್ನು 0.8ರಿಂದ ಗುಣಿಸುವವರೆಗೆ ಇಡೀ ತರಗತಿ ನನ್ನ ಜೊತೆಗೆ ಬಂತು. ಮರುದಿನ ಇಬ್ಬರು ತಮ್ಮ ಮನೆಯ ವೋಲ್ಟೇಜನ್ನು ಮಲ್ಟಿಮೀಟರಿನಲ್ಲಿ ಅಳೆದು ಚೀಟಿಯಲ್ಲಿ ಬರೆದು ತಂದಿದ್ದರು. ಹೇಳದೆ ಅಳೆದದ್ದಕ್ಕೆ ಸಂತೋಷಪಟ್ಟೆ, ಮೀಟರಿನ ಪ್ರೋಬ್ ಹಿಡಿಯುವ ಸುರಕ್ಷಿತ ಕ್ರಮವನ್ನು ಮತ್ತೊಮ್ಮೆ ಹೇಳಿಕೊಟ್ಟೆ.

ಎಲ್ಲವೂ ಸರಿಹೋಗಿಲ್ಲ. ಮೂವರು ಇನ್ನೂ ಬರುತ್ತಿಲ್ಲ. ಒಬ್ಬನ ಮನೆಗೆ ಹೋಗಿದ್ದೆ, ಅಡಿಕೆ ಗೊನೆ ಹೊರುವ ಕೂಲಿ ಆ ಮನೆಗೆ ಅಗತ್ಯವೆಂಬುದು ನೋಡಿದ ಮೇಲೆ ತಿಳಿಯಿತು. ಅವನಿಗೆ ತಪ್ಪಿದ ಪ್ರಾಕ್ಟಿಕಲ್‌ಗಳನ್ನು ಶನಿವಾರ ಮಧ್ಯಾಹ್ನ ಮಾಡಿಸುವುದಾಗಿ ಹೇಳಿ ಬಂದಿದ್ದೇನೆ.

ಸಾಗರದ ಅಂಗಡಿಯವರಲ್ಲಿ ಒಂದು ಕೋರಿಕೆ. ಕೊಯ್ಲು ಮುಗಿದ ಮೇಲೆ ಒಂದು ದಿನ ಹತ್ತು ಮಕ್ಕಳನ್ನು ನಿಮ್ಮಲ್ಲಿಗೆ ಕರೆತರಬಹುದೇ? ನಿಮ್ಮ ಕೆಲಸಕ್ಕೆ ತೊಂದರೆಯಾಗದ ದಿನ ಯಾವುದೆಂದು ದಯವಿಟ್ಟು ತಿಳಿಸಿ.