ಪದಚರ್ಚೆ: ಗಾಡಿ ‘ಗಡಸು’ ಅಂದರೆ ಯಾವ ಗಡಸು?

ಪ್ರಶ್ನೆ:

ತೋಟದ ದಾರಿ, ಕಾಡುದಾರಿಗೆಂದು ಎತ್ತರಿಸಿದ ಪಿಕಪ್‌ಗಳನ್ನು ದಿನದ ಓಡಾಟಕ್ಕೆ ಹದ ಮಾಡಿಕೊಳ್ಳುವುದು ಹೇಗೆ ಎಂದು ತಿಳಿಸುವ ಕೈಪಿಡಿಯೊಂದು ಕನ್ನಡದಲ್ಲಿ ಸಿದ್ಧವಾಗುತ್ತಿದೆ. ಓದುಗರು ಹೆಚ್ಚಾಗಿ ಕೊಡಗು, ಚಿಕ್ಕಮಗಳೂರು, ಸಕಲೇಶಪುರದ ಕಡೆಯವರು. ಗಾಡಿಗಳು ಇಸುಜು ವಿ-ಕ್ರಾಸ್, ಟೊಯೋಟ ಹೈಲಕ್ಸ್ ತರದವು: ಮುಂದೆ ಡಬಲ್ ವಿಶ್‌ಬೋನ್ (ಚಕ್ರ ಹಿಡಿದಿರುವ ಮೇಲುತೋಳು, ಕೆಳತೋಳು) ಜೊತೆ ಕಾಯಿಲ್ ಸ್ಪ್ರಿಂಗ್, ಹಿಂದೆ ಪಟ್ಟೆ ಸ್ಪ್ರಿಂಗ್ (ಲೀಫ್ ಸ್ಪ್ರಿಂಗ್). ಇಂಗ್ಲಿಷಿನ ಸ್ಟಿಫ್, ಫರ್ಮ್, ಹಾರ್ಶ್ ಮೂರೂ ಕರಡಿನಲ್ಲಿ ‘ಗಡಸು’ ಎಂದೇ ಬಂದಿವೆ. ಇದು ಸಾಕೆ? ಡ್ಯಾಂಪಿಂಗ್‌ಗೆ (ಸ್ಪ್ರಿಂಗ್‌ನ ಕುಣಿತವನ್ನು ಶಾಕ್ ತಗ್ಗಿಸುವುದಕ್ಕೆ) ಭೌತಶಾಸ್ತ್ರದ ‘ಅವಮಂದನ’ ಬಳಸಿದರೆ ಗ್ಯಾರೇಜಿನವರಿಗೆ ತಿಳಿದೀತೆ? ಪ್ರೀಲೋಡ್‌ಗೆ (ಸ್ಪ್ರಿಂಗನ್ನು ಮುಂಚಿತವಾಗಿ ಒತ್ತಿಡುವುದಕ್ಕೆ) ‘ಮುಂಬಿಗಿತ’ ಎಂದು, ಲೋ ಸ್ಪೀಡ್ ಕಂಪ್ರೆಷನ್‌ಗೆ ‘ನಿಧಾನ ಓಟದ ಅಮುಕು’ ಎಂದು ಹಾಕಿದ್ದೇವೆ. ರೀಬೌಂಡ್‌ಗೆ ಇನ್ನೂ ಏನೂ ಹೊಳೆದಿಲ್ಲ. ಬಲ್ಲವರು ತಿದ್ದಬೇಕು.

ಉತ್ತರ:

‘ನಿಧಾನ ಓಟದ ಅಮುಕು’ ಎಂಬುದನ್ನು ಮೊದಲು ಬದಲಿಸಿ, ಅದು ಓದುಗರನ್ನು ದಾರಿ ತಪ್ಪಿಸುತ್ತದೆ. ಲೋ ಸ್ಪೀಡ್, ಹೈ ಸ್ಪೀಡ್ ಅಂದರೆ ಗಾಡಿಯ ವೇಗವಲ್ಲ, ಶಾಕ್‌ ಅಬ್ಸಾರ್ಬರ್‌ ಒಳಗೆ ಪಿಸ್ಟನ್ ಓಡುವ ವೇಗ. ಗಂಟೆಗೆ 20 ಕಿ.ಮೀ.ನಲ್ಲಿ ಹೋಗುತ್ತಿದ್ದರೂ ಚಕ್ರ ಗುಂಡಿಯ ಚೂಪಂಚಿಗೆ ಬಡಿದರೆ ಪಿಸ್ಟನ್ ರಭಸದಿಂದ ನುಗ್ಗುತ್ತದೆ. ಹೆದ್ದಾರಿಯಲ್ಲಿ 90ರಲ್ಲಿ ಹೋಗುತ್ತ ಮೆಲ್ಲಗೆ ಲೇನ್ ಬದಲಿಸಿದರೆ ಅದೇ ಪಿಸ್ಟನ್ ತೆವಳುತ್ತದೆ. ‘ನಿಧಾನ ಓಟ’ ಎಂದು ಓದಿದವರು ಊರೊಳಗಿನ ಗುಂಡಿ ಕುಕ್ಕುತ್ತದೆ ಎಂದು ಶಾಕ್ ಮೇಲಿನ ಲೋ ಸ್ಪೀಡ್ ಗುಬುಟನ್ನು (ನಾಬ್) ಸಡಿಲಿಸುತ್ತಾರೆ. ಕುಕ್ಕಾಟ ಹಾಗೇ ಉಳಿಯುತ್ತದೆ, ಜೊತೆಗೆ ಗಾಡಿ ತಿರುವಿನಲ್ಲಿ ವಾಲತೊಡಗುತ್ತದೆ. ‘ಮೆಲುನಡೆಯ ತಡೆ’, ‘ರಭಸದ ತಡೆ’ ಎಂದು ಬರೆದು, ಇಲ್ಲಿ ನಡೆ ಪಿಸ್ಟನ್‌ನದು ಎಂದು ಒಂದು ಸಾಲು ಸೇರಿಸಿದರೆ ಸಾಕು.

ಇನ್ನು ‘ಗಡಸು’. ಈ ಒಂದು ಪದದಿಂದ ಕೈಪಿಡಿ ಕೆಡುತ್ತದೆ, ಯಾಕೆಂದರೆ ಮೂರು ನಾಲ್ಕು ಬೇರೆ ಬೇರೆ ದೋಷಗಳು ಅದರೊಳಗೆ ಅಡಗಿ ಕೂರುತ್ತವೆ. ಆದರೆ ಕನ್ನಡದಲ್ಲಿ ಗಾಡಿ ಓಡಿಸುವವರು ಹೆಸರುಪದಕ್ಕೆ ಹೋಗುವುದೇ ಇಲ್ಲ, ಕ್ರಿಯಾಪದದಲ್ಲಿ ಹೇಳುತ್ತಾರೆ. ಅದುರುತ್ತೆ, ಕುಕ್ಕುತ್ತೆ, ಎತ್ತಿಹಾಕುತ್ತೆ, ಓಲಾಡುತ್ತೆ, ವಾಲುತ್ತೆ, ಮುಗ್ಗರಿಸುತ್ತೆ, ತಳ ಬಡಿಯುತ್ತೆ. ಪ್ರತಿಯೊಂದಕ್ಕೂ ಕಾರಣ ಬೇರೆ, ಮದ್ದು ಬೇರೆ. ಕೈಪಿಡಿಯ ಅಧ್ಯಾಯಗಳನ್ನೇ ಈ ಕ್ರಿಯಾಪದಗಳ ಮೇಲೆ ಕಟ್ಟಿ.

‘ಅದುರುತ್ತೆ’: ಸಣ್ಣ ಸಣ್ಣ ಒರಟೆಲ್ಲ ಸೀಟಿಗೆ, ಸ್ಟೀರಿಂಗ್‌ಗೆ ಬರುವುದು. ಇದಕ್ಕೆ ಸ್ಪ್ರಿಂಗ್ ಬದಲಿಸುವ ಮುನ್ನ ಟೈರ್ ನೋಡಬೇಕು. ಚಾಲಕನ ಬಾಗಿಲ ಚೌಕಟ್ಟಿನ ಸ್ಟಿಕರ್‌ನಲ್ಲಿ ಖಾಲಿ ಗಾಡಿಗೊಂದು, ತುಂಬಿದ ಗಾಡಿಗೊಂದು ಗಾಳಿಯ ಒತ್ತಡ ಕೊಟ್ಟಿದ್ದರೆ, ಖಾಲಿ ಓಡಾಡುವವರು ತುಂಬಿದ ಗಾಡಿಯ ಅಂಕಿಯನ್ನೇ ಹಿಂಚಕ್ರಕ್ಕೆ ಹಾಕಿಸಿಕೊಂಡಿರುವುದು ಸಾಮಾನ್ಯ. ಟೈರ್ ತಣ್ಣಗಿರುವಾಗ ಒಮ್ಮೆಗೆ 2 ಪಿಎಸ್‌ಐ ಇಳಿಸುತ್ತ ಬನ್ನಿ, ಖಾಲಿ ಗಾಡಿಯ ಅಂಕಿಗಿಂತ ಕೆಳಗೆ ಹೋಗಬೇಡಿ. ಅರ್ಧ ಗಂಟೆ ಓಡಿಸಿ ಮತ್ತೆ ಅಳೆದಾಗ ಒತ್ತಡ ಸುಮಾರು 4 ಪಿಎಸ್‌ಐಗಿಂತ ಹೆಚ್ಚು ಏರಿದ್ದರೆ ತಣ್ಣಗಿನ ಒತ್ತಡ ಕಡಿಮೆಯಾಗಿದೆ, ಟೈರ್ ಬಳುಕಿ ಬಿಸಿಯಾಗುತ್ತಿದೆ ಎಂದರ್ಥ. ದಪ್ಪ ಪದರದ ಎಲ್‌ಟಿ (ಲೈಟ್ ಟ್ರಕ್) ಟೈರ್ ಹಾಕಿಸಿದವರಿಗೆ ಇನ್ನೊಂದು ತೊಡಕಿದೆ: ಅದೇ ಭಾರಕ್ಕೆ ಅದು ಮೂಲ ಟೈರ್‌ಗಿಂತ ಹೆಚ್ಚು ಗಾಳಿ ಕೇಳುತ್ತದೆ, ಪಕ್ಕೆಯೂ ಬಿರುಸು, ತೂಕವೂ ಹೆಚ್ಚು. ದಿನವೂ ಡಾಂಬರಿನ ಮೇಲೆ ಓಡುವ ಗಾಡಿಗೆ ಅಂಥ ಟೈರ್ ಹಾಕಿಸಿ ಆಮೇಲೆ ದುಬಾರಿ ಶಾಕ್‌ನಿಂದ ಸುಖ ಹುಡುಕುವುದು ತಿರುಗುಮುರುಗು ಕೆಲಸ.

‘ಕುಕ್ಕುತ್ತೆ’: ಹಿಂಭಾಗ ಗಟ್ಟಿಯಾಗಿ, ಚುಟುಕಾಗಿ ನೆಗೆದು ಬೀಳುವುದು. ಖಾಲಿ ಪಿಕಪ್‌ನ ಹುಟ್ಟುಗುಣ ಇದು. ಲೆಕ್ಕ ಸರಳ: ಗಾಡಿಯ ಭಾರಕ್ಕೆ ಸ್ಪ್ರಿಂಗ್ ಎಷ್ಟು ಮಿ.ಮೀ. ಕುಗ್ಗಿ ನಿಂತಿದೆಯೋ ಅದರ ವರ್ಗಮೂಲದಿಂದ 15.8ನ್ನು ಭಾಗಿಸಿದರೆ ಸೆಕೆಂಡಿಗೆ ಎಷ್ಟು ಸಲ ತೂಗುತ್ತದೆ ಎಂಬುದು ಬರುತ್ತದೆ. 150 ಮಿ.ಮೀ. ಕುಗ್ಗಿದ್ದರೆ ಸುಮಾರು 1.3 ಸಲ, ಮೈಗೆ ಹಿತ. 50 ಮಿ.ಮೀ. ಮಾತ್ರ ಕುಗ್ಗಿದ್ದರೆ 2.2 ಸಲ, ಅದೇ ಕುಕ್ಕಾಟ. ‘ಒಂದು ಪಟ್ಟೆ ತೆಗೆಸಿಬಿಡಿ’ ಎಂಬ ಸಲಹೆ ಎಲ್ಲ ಗ್ಯಾರೇಜಿನಲ್ಲೂ ಸಿಗುತ್ತದೆ. ಸಮ ದಪ್ಪದ 5 ಪಟ್ಟೆಗಳಲ್ಲಿ ಒಂದನ್ನು ತೆಗೆದರೆ ಸ್ಪ್ರಿಂಗ್‌ನ ಬಿರುಸು ಐದರಲ್ಲೊಂದು ಪಾಲು ಇಳಿಯುತ್ತದೆ, ಆದರೆ ತೂಗುವ ಲೆಕ್ಕ ಇಳಿಯುವುದು ಹತ್ತರಲ್ಲೊಂದು ಪಾಲು ಮಾತ್ರ. ಭಾರ ಹೊರುವ ಶಕ್ತಿ ಹೋದಷ್ಟು ಸುಖ ಬರುವುದಿಲ್ಲ. ಕೆಳಗಿನ ದಪ್ಪ, ನೇರ ಪಟ್ಟೆಯನ್ನು ತೆಗೆದರಂತೂ ಇನ್ನೂ ವ್ಯರ್ಥ. ಖಾಲಿ ಇದ್ದಾಗ ಅದು ಮೇಲಿನ ಪಟ್ಟೆಗೆ ತಾಗದೆ ಇದ್ದರೆ ಕುಕ್ಕಾಟಕ್ಕೂ ಅದಕ್ಕೂ ಸಂಬಂಧವಿಲ್ಲ. ಮುಖ್ಯ ಪಟ್ಟೆಯ ಕಣ್ಣನ್ನು (ಬೋಲ್ಟು ತೂರುವ ತುದಿಯ ಸುರುಳಿಯನ್ನು) ಸುತ್ತಿ ಹಿಡಿದಿರುವ ಎರಡನೇ ಪಟ್ಟೆಯನ್ನು ಯಾವ ಕಾರಣಕ್ಕೂ ಮುಟ್ಟಬಾರದು. ಕಣ್ಣು ತುಂಡಾದ ದಿನ ಹಿಂದಿನ ಆಕ್ಸಲ್ ಜಾರದಂತೆ ತಡೆಯುವುದು ಅದೊಂದೇ.

ಅದರ ಬದಲು ಪಟ್ಟೆಗಳ ನಡುವಿನ ತಿಕ್ಕಾಟ ತಗ್ಗಿಸಿ. ಮಲೆನಾಡಿನ ಮಳೆ, ಕೆಸರಿಗೆ ಪಟ್ಟೆಗಳು ತುಕ್ಕು ಹಿಡಿದು ಒಂದಕ್ಕೊಂದು ಕಚ್ಚಿಕೊಂಡಿರುತ್ತವೆ. ಸಣ್ಣ ಏಟಿಗೆ ಅವು ಜಾರುವುದೇ ಇಲ್ಲ, ಇಡೀ ಕಟ್ಟು ಒಂದೇ ದಪ್ಪ ಸಲಾಕೆಯಾಗಿ ವರ್ತಿಸುತ್ತದೆ. ಕಟ್ಟು ಬಿಚ್ಚಿ, ತಂತಿ ಬ್ರಶ್ಶಿನಿಂದ ಉಜ್ಜಿ, ತುದಿಯಲ್ಲಿ ಗೀರು ಬಿದ್ದಿದ್ದರೆ ತೇಯ್ದು ನುಣುಪಾಗಿಸಿ, ತುದಿಗಳ ಪ್ಲಾಸ್ಟಿಕ್ ಪ್ಯಾಡ್ ಸವೆದಿದ್ದರೆ ಹೊಸದು ಕೂರಿಸಬೇಕು. ಕೆಸರಿನ ದಾರಿಗೆ ಸಾದಾ ಗ್ರೀಸ್ ಬೇಡ, ಅದು ಮರಳನ್ನು ಹಿಡಿದಿಟ್ಟುಕೊಂಡು ಪಟ್ಟೆಯನ್ನೇ ತಿನ್ನುತ್ತದೆ. ಒಣಗಿ ನಿಲ್ಲುವ ಗ್ರಾಫೈಟ್ ಲೇಪ ಮೇಲು.

‘ಎತ್ತಿಹಾಕುತ್ತೆ’: ಸ್ಪೀಡ್‌ ಬ್ರೇಕರ್ ದಾಟಿದ ಮೇಲೆ ಹಿಂದಿನ ಸೀಟಿನವರನ್ನು ಮೇಲಕ್ಕೆಸೆಯುವುದು. ಇದು ಕುಕ್ಕಾಟವಲ್ಲ. ಕುಗ್ಗಿದ ಸ್ಪ್ರಿಂಗ್ ಮರಳುವಾಗ ಶಾಕ್ ಅದನ್ನು ತಡೆಹಿಡಿಯುತ್ತಿಲ್ಲ. ನೀವು ಪದ ಹುಡುಕುತ್ತಿರುವ ರೀಬೌಂಡ್ ಇದೇ. ‘ಮರುನೆಗೆತ’ ಎಂದರೆ ಎಲ್ಲರಿಗೂ ಅರ್ಥವಾಗುತ್ತದೆ, ಅದನ್ನು ಹಿಡಿಯುವುದಕ್ಕೆ ‘ಮರುನೆಗೆತದ ತಡೆ’. ಕಂಪ್ರೆಷನ್‌ಗೆ ‘ಕುಗ್ಗುತಡೆ’. ಸಾಮಾನ್ಯ ಶಾಕ್‌ಗಳಲ್ಲಿ ಮರುನೆಗೆತದ ತಡೆ ಕುಗ್ಗುತಡೆಯ ಎರಡು ಮೂರು ಪಟ್ಟು ಇರುತ್ತದೆ. ಕುಗ್ಗುವಾಗ ಸ್ಪ್ರಿಂಗೂ ಎದುರು ನಿಲ್ಲುತ್ತದೆ, ಮರಳುವಾಗ ಅದರ ಕಸುವನ್ನೆಲ್ಲ ಶಾಕ್ ಒಂದೇ ಕುಡಿಯಬೇಕು. ಹಾಗೆಂದು ಈ ತಡೆಯನ್ನು ತೀರಾ ಬಿಗಿ ಮಾಡಿದರೆ, ಸಾಲು ಸಾಲು ಉಬ್ಬಿರುವ ಮಣ್ಣುದಾರಿಯಲ್ಲಿ ಚಕ್ರ ಒಂದು ಉಬ್ಬಿನಿಂದ ಕೆಳಗಿಳಿಯುವ ಮೊದಲೇ ಮುಂದಿನದು ಬಂದಿರುತ್ತದೆ. ಸ್ಪ್ರಿಂಗ್ ಕುಗ್ಗುತ್ತ ಕುಗ್ಗುತ್ತ ಹೋಗಿ ಕೊನೆಗೆ ಪೂರ್ತಿ ಕುಗ್ಗಿ ತಳ ಬಡಿಯುತ್ತದೆ. ಚಾಲಕ ಬಂದು ‘ಶಾಕ್ ಗಡಸಾಗಿಲ್ಲ, ಇನ್ನೂ ಬಿಗಿ ಮಾಡಿ’ ಅನ್ನುತ್ತಾನೆ. ಮಾಡಬೇಕಾದದ್ದು ಅದರ ವಿರುದ್ಧ.

‘ಓಲಾಡುತ್ತೆ’: ಮುಂದೆ ಏರಿ ಹಿಂದೆ ಇಳಿದು ತೊಟ್ಟಿಲಂತಾಗುವುದು. ಹಿಂದಿನ ಸ್ಪ್ರಿಂಗ್ ಮುಂದಿನದಕ್ಕಿಂತ ತುಸು ಚುರುಕಾಗಿ ತೂಗುವಂತಿದ್ದರೆ ಉಬ್ಬು ದಾಟಿದ ಮೇಲೆ ಎರಡೂ ತುದಿ ಬೇಗ ಒಂದೇ ಲಯಕ್ಕೆ ಬರುತ್ತವೆ. ಇದನ್ನು 1930ರ ದಶಕದಲ್ಲಿ ಜನರಲ್ ಮೋಟರ್ಸ್‌ನಲ್ಲಿ ತೋರಿಸಿಕೊಟ್ಟವರು ಮಾರಿಸ್ ಓಲಿ. (ಹೆಸರಿಗೂ ಓಲಾಟಕ್ಕೂ ನಂಟಿಲ್ಲ, ಆದರೆ ಕನ್ನಡದವರಿಗೆ ನೆನಪಿಡುವುದು ಸುಲಭ.) ಮುಂದೆ ಉಕ್ಕಿನ ಬಂಪರು, ವಿಂಚು ಕೂರಿಸಿ ಸ್ಪ್ರಿಂಗ್ ಹಳೆಯದನ್ನೇ ಬಿಟ್ಟವರಿಗೆ ಓಲಾಟವೂ ಬರುತ್ತದೆ, ಬ್ರೇಕ್ ಹಾಕಿದಾಗ ಮುಗ್ಗರಿಸುವುದೂ ಬರುತ್ತದೆ. ಸದಾ ಇರುವ ಭಾರಕ್ಕೆ ತಕ್ಕ ಸ್ಪ್ರಿಂಗ್ ಹಾಕಿಸಬೇಕೇ ಹೊರತು ವರ್ಷಕ್ಕೊಮ್ಮೆ ಹೊರುವ ಭಾರಕ್ಕಲ್ಲ.

‘ಅವಮಂದನ’ ಪರೀಕ್ಷೆಯ ಉತ್ತರಪತ್ರಿಕೆಯಲ್ಲೇ ಇರಲಿ. ‘ತಡೆ’ ಸಾಕು.

ಇನ್ನೊಂದು ಉತ್ತರ:

‘ಮುಂಬಿಗಿತ’ಕ್ಕೆ ನನ್ನ ಆಕ್ಷೇಪವಿದೆ. ಬಿಗಿತ ಎಂದೊಡನೆ ಸ್ಪ್ರಿಂಗ್ ಬಿರುಸಾಯಿತು ಎಂದೇ ಓದುಗ ತಿಳಿಯುತ್ತಾನೆ, ಆಗುವುದು ಅದಲ್ಲ. ಒಂದೇ ಸಮನೆ ಕುಗ್ಗುವ ಕಾಯಿಲ್‌ಗೆ ಕಾಲರ್ (ಸ್ಪ್ರಿಂಗ್ ಕೂರುವ ಬಳೆ) ತಿರುಗಿಸಿ 10 ಮಿ.ಮೀ. ಮುಂಚಿತವಾಗಿ ಒತ್ತಿದರೆ ಅದರ ಬಿರುಸು ಎಷ್ಟಿತ್ತೋ ಅಷ್ಟೇ ಇರುತ್ತದೆ. ಗಾಡಿಯ ಭಾರವೂ ಅಷ್ಟೇ, ಆದ್ದರಿಂದ ಸ್ಪ್ರಿಂಗ್ ಮೊದಲಿನಷ್ಟೇ ಉದ್ದಕ್ಕೆ ನಿಲ್ಲುತ್ತದೆ. ಬದಲಾಗುವುದು ಗಾಡಿಯ ನಿಲುವು ಮಾತ್ರ, ಮೈ ಮೇಲೇರುತ್ತದೆ. ಸ್ಟ್ರಟ್ (ಕಾಯಿಲ್, ಶಾಕ್ ಒಟ್ಟಿಗಿರುವ ಕಂಬ) ಕೆಳತೋಳಿನ ನಡುಮಧ್ಯದಲ್ಲಿ ಕೂತಿರುವುದರಿಂದ 10 ಮಿ.ಮೀ. ಕಾಲರ್ ಏರಿಕೆ ಚಕ್ರದ ಬಳಿ ಹೆಚ್ಚುಕಮ್ಮಿ ಇಮ್ಮಡಿ ಆಗುತ್ತದೆ. ‘ಮುನ್ನೊತ್ತು’ ಎಂದರೆ ಆ ಗೊಂದಲವಿಲ್ಲ, ರೈಡ್ ಹೈಟ್‌ಗೆ ‘ನಿಲುವು’ ಚೆನ್ನಾಗಿ ಕೂರುತ್ತದೆ.

ಹಾಗಾದರೆ ಮುನ್ನೊತ್ತಿದ ಮೇಲೆ ಗಾಡಿ ಗಡಸೆನಿಸುವುದೇಕೆ ಎಂದರೆ, ಚಕ್ರ ಕೆಳಗಿಳಿಯಲು ಜಾಗ ಉಳಿದಿರುವುದಿಲ್ಲ. ಚಕ್ರದ ಒಟ್ಟು ಸರಿತ (ಮೇಲೆ ಕೆಳಗೆ ಸರಿಯುವ ದೂರ) 200 ಮಿ.ಮೀ., ಮೇಲೆ 100, ಕೆಳಗೆ 100 ಎಂದಿಟ್ಟುಕೊಳ್ಳಿ. 50 ಮಿ.ಮೀ. ಎತ್ತಿದರೆ ಕೆಳಗೆ 50 ಮಾತ್ರ ಉಳಿಯಿತು. ಚಕ್ರ ಗುಂಡಿಗೆ ಇಳಿದೊಡನೆ ಶಾಕ್ ಪೂರ್ತಿ ಚಾಚಿ ‘ಠಕ್’ ಎಂದು ನಿಲ್ಲುತ್ತದೆ. ಈ ಸದ್ದನ್ನು ತಳ ಬಡಿದದ್ದೆಂದು ತಿಳಿದು ದಪ್ಪ ಸ್ಪ್ರಿಂಗ್ ಹಾಕಿಸುವವರಿದ್ದಾರೆ. ಗುರುತು ಹೀಗಿದೆ: ತಳ ಬಡಿಯುವುದು ಉಬ್ಬು ಏರುವಾಗ, ಚಾಚಿ ಠಕ್ಕೆನ್ನುವುದು ಉಬ್ಬು ದಾಟಿದ ಮೇಲೆ. ಇಳಿಯುವ ದಿಕ್ಕಿನ ಸರಿತಕ್ಕೆ ‘ಇಳಿಸರಿತ’, ಏರುವುದಕ್ಕೆ ‘ಏರುಸರಿತ’ ಎಂದು ಸೂಚಿಸುತ್ತೇನೆ.

ಗುಬುಟಿರುವ ಶಾಕ್ ಹೊಂದಿಸುವ ಕ್ರಮವನ್ನು ಹೀಗೆ ಬರೆಯಬಹುದು. ಟೈರ್ ಗಾಳಿ ಸರಿಮಾಡಿ, ದಿನವೂ ಇರುವಷ್ಟೇ ಸಾಮಾನು ಇಟ್ಟು, ನಾಲ್ಕೂ ಚಕ್ರದ ನಡುವಿನಿಂದ ಮಡ್‌ಗಾರ್ಡ್ ಅಂಚಿಗೆ ಅಳತೆ ಬರೆದುಕೊಳ್ಳುವುದು. ಗುಬುಟನ್ನು ಪ್ರದಕ್ಷಿಣವಾಗಿ ಮೆಲ್ಲಗೆ ಪೂರ್ತಿ ಮುಚ್ಚಿ, ಅಲ್ಲಿಂದ ಹಿಂದಕ್ಕೆ ಎಣಿಸುವುದು. ಹಾಗೆ ಎಣಿಸಿದರೆ ಎಡಬಲ ಸಮವಿರುತ್ತದೆ. ಮೊದಲು ಮರುನೆಗೆತದ ತಡೆ: ಸ್ಪೀಡ್ ಬ್ರೇಕರ್ ದಾಟಿ ಮೈ ಒಂದೇ ಸಲ ಮೇಲೆ ಬಂದು ನಿಲ್ಲುವವರೆಗೆ ಎರಡೆರಡು ಕ್ಲಿಕ್ ಮುಚ್ಚುತ್ತ ಬರುವುದು. ಆಮೇಲೆ ಮೆಲುನಡೆಯ ಕುಗ್ಗುತಡೆಯನ್ನು ಬ್ರೇಕ್ ಹಾಕಿ, ತಿರುವಿನಲ್ಲಿ ನೋಡಿ ಹೊಂದಿಸುವುದು. ಕೊನೆಗೆ ರಭಸದ ತಡೆ: ಚೂಪಂಚಿನ ಗುಂಡಿಗೆ ಹಿತವೆನಿಸುವವರೆಗೆ ಬಿಚ್ಚಿ, ತಳ ಬಡಿಯತೊಡಗಿದರೆ ಎರಡು ಕ್ಲಿಕ್ ಮತ್ತೆ ಮುಚ್ಚುವುದು. ಒಮ್ಮೆಗೆ ಒಂದೇ ಬದಲಾವಣೆ, ಅದೇ ರಸ್ತೆ, ಅದೇ ವೇಗ.

ಮತ್ತೊಂದು ಉತ್ತರ:

ಪದಗಳ ಬಗ್ಗೆ ಮೇಲಿನವರು ಹೇಳಿದ್ದು ಒಪ್ಪಿಗೆ. ಪಟ್ಟೆ ಸ್ಪ್ರಿಂಗ್‌ಗೆ ‘ಕಮಾನು’ ಎನ್ನುವವರೂ ಇದ್ದಾರೆ. ಪಾರಸಿಯ ಬಿಲ್ಲು ಅದು, ಪಟ್ಟೆಯ ಬಾಗಿಗೆ ಒಪ್ಪುತ್ತದೆ. ಆದರೆ ಓದುಗರಿಗೆ ಕಮಾನು ಅಂದರೆ ಊರ ಬಾಗಿಲ ಕಮಾನು ಮೊದಲು ನೆನಪಾಗುತ್ತದೆ. ಇಡೀ ಕಟ್ಟಿಗೆ ‘ಪಟ್ಟೆಕಟ್ಟು’, ಒಂದಕ್ಕೆ ‘ಪಟ್ಟೆ’ ಎನ್ನುವುದು ಲೇಸು. ಬುಶ್ (ಕೀಲಿನ ಮೆತ್ತೆ), ಶ್ಯಾಕಲ್ (ಪಟ್ಟೆಕಟ್ಟಿನ ತುದಿಯ ತೂಗುಕೊಂಡಿ), ಯು-ಬೋಲ್ಟ್ (ಪಟ್ಟೆಕಟ್ಟನ್ನು ಆಕ್ಸಲ್‌ಗೆ ಬಿಗಿಯುವಂಥದ್ದು) ಹಾಗೇ ಇರಲಿ. ಅಂಗಡಿಯಲ್ಲಿ ಬೇರೆ ಹೆಸರು ಹೇಳಿದರೆ ಸಾಮಾನು ಸಿಗುವುದಿಲ್ಲ.

ಕ್ರಿಯಾಪದಗಳ ಪಟ್ಟಿಗೆ ‘ಕಿರುಗುಟ್ಟುತ್ತೆ’ ಸೇರಿಸಿ. ಪಾಲಿಯುರೆಥೇನ್ ಬುಶ್ ಹಾಕಿಸಿದವರ ದೂರು ಅದು. ರಬ್ಬರ್ ಬುಶ್ ಅದುರನ್ನು ನುಂಗುತ್ತದೆ, ಪಾಲಿ ಬುಶ್ ಬಾಳಿಕೆ ಬರುತ್ತದೆ, ಆದರೆ ಅದುರನ್ನು ದಾಟಿಸುತ್ತದೆ, ಗ್ರೀಸ್ ಒಣಗಿದರೆ ಕೂಗುತ್ತದೆ. ದಿನದ ಓಡಾಟಕ್ಕೆ ರಬ್ಬರೇ ಒಳ್ಳೆಯದು.

ಕೈಪಿಡಿಯಲ್ಲಿ ದಪ್ಪಕ್ಷರದಲ್ಲಿ ಹಾಕಬೇಕಾದ ಒಂದು ಮಾತಿದೆ. ರಬ್ಬರ್ ಬುಶ್‌ನ ಬೋಲ್ಟುಗಳನ್ನು, ಮುಂದಿನ ಕೆಳತೋಳಿನವಾಗಲಿ ಹಿಂದಿನ ಶ್ಯಾಕಲ್‌ನವಾಗಲಿ, ಗಾಡಿ ಜಾಕ್ ಮೇಲೆ ತೂಗುತ್ತಿರುವಾಗ ಕೊನೆಯ ಬಿಗಿ ಮಾಡಬಾರದು. ಹಾಗೆ ಬಿಗಿದರೆ ಚಕ್ರ ಇಳಿಬಿದ್ದ ಸ್ಥಿತಿಯೇ ರಬ್ಬರಿಗೆ ಸಹಜ ಸ್ಥಿತಿಯಾಗುತ್ತದೆ. ಗಾಡಿಯನ್ನು ನೆಲಕ್ಕಿಳಿಸಿದೊಡನೆ ರಬ್ಬರು ಸದಾ ತಿರುಚಿಕೊಂಡು, ತಾನೇ ಇನ್ನೊಂದು ಸ್ಪ್ರಿಂಗ್ ಆಗಿ ಎದುರು ನಿಲ್ಲುತ್ತದೆ. ಹೊಸ ಶಾಕ್ ಹಾಕಿಸಿದ ಮೇಲೂ ‘ಗಡಸು’ ಹೋಗಲಿಲ್ಲ ಎಂಬ ದೂರಿಗೆ ಎಷ್ಟೋ ಸಲ ಇದೊಂದೇ ಕಾರಣ. ಕೆಲವು ತಿಂಗಳಲ್ಲಿ ಬುಶ್ ಹರಿದೂ ಹೋಗುತ್ತದೆ. ಬೋಲ್ಟು ಸಡಿಲ ಮಾಡಿ, ಗಾಡಿಯನ್ನು ಚಕ್ರದ ಮೇಲೆ ನಿಲ್ಲಿಸಿ, ನಾಲ್ಕಾರು ಸಲ ಅಮುಕಿ ಬಿಟ್ಟು, ಆಗ ಟಾರ್ಕ್ ರೆಂಚಿನಿಂದ ಬಿಗಿಯಬೇಕು.

ಪಟ್ಟೆಕಟ್ಟು ಬಿಚ್ಚಿದಾಗ ಯು-ಬೋಲ್ಟು ಹೊಸದೇ ಹಾಕಬೇಕು, ಒಮ್ಮೆ ಎಳೆದದ್ದು ಮತ್ತೆ ಅದೇ ಹಿಡಿತ ಕೊಡುವುದಿಲ್ಲ. ಕರ್ಣದ ಕ್ರಮದಲ್ಲಿ ಹಂತಹಂತವಾಗಿ ಬಿಗಿದು, ಸುಮಾರು 500 ಕಿ.ಮೀ. ಓಡಿದ ಮೇಲೆ ಮತ್ತೊಮ್ಮೆ ನೋಡಬೇಕು. ಸೆಂಟರ್ ಬೋಲ್ಟಿನ ತಲೆ ಆಕ್ಸಲ್ ಮೇಲಿನ ಕುಳಿಯಲ್ಲಿ ಕೂತಿರದಿದ್ದರೆ ಆಕ್ಸಲ್ ಓರೆಯಾಗಿ, ಗಾಡಿ ಏಡಿನಡಿಗೆ ನಡೆಯುತ್ತದೆ. ನಿಲುವು ಬದಲಾದರೆ ವೀಲ್ ಅಲೈನ್‌ಮೆಂಟ್, ಹೆಡ್‌ಲೈಟ್ ಎರಡನ್ನೂ ಹೊಂದಿಸಬೇಕು. ನೋಂದಣಿ ಪತ್ರದ ವಿವರಗಳು ತಯಾರಕರು ಮೂಲದಲ್ಲಿ ಕೊಟ್ಟದ್ದಕ್ಕೆ ಹೊಂದದಂತಾಗುವ ಮಾರ್ಪಾಡುಗಳನ್ನು 1988ರ ಮೋಟಾರು ವಾಹನ ಕಾಯಿದೆಯ 52ನೇ ಕಲಮು ತಡೆಯುತ್ತದೆ ಎಂಬುದನ್ನು ಎತ್ತರಿಸುವ ಅಧ್ಯಾಯದ ಮೊದಲ ಪುಟದಲ್ಲೇ ಹೇಳಿಬಿಡಿ, ಕೊನೆಯ ಪುಟದಲ್ಲಿ ಬೇಡ.