60 ಎಚ್‌ಆರ್‌ಸಿ ಉಕ್ಕಿನಲ್ಲಿ ಪ್ರೀ-ಕ್ರ್ಯಾಕ್ ನಿಲ್ಲುತ್ತಿಲ್ಲ

ಲೋಹಪ್ರಿಯ:
52100 ಬೇರಿಂಗ್ ಉಕ್ಕು, 180 ಡಿಗ್ರಿಯಲ್ಲಿ ಟೆಂಪರ್ ಆಗಿದೆ (ಗಡಸು ಮಾಡಿದ ಮೇಲೆ ಮತ್ತೆ ಹದವಾಗಿ ಬಿಸಿ ಮಾಡುವುದು), ಗಡಸುತನ ರಾಕ್‌ವೆಲ್ ಸಿ ಮಾಪನದಲ್ಲಿ (ಎಚ್‌ಆರ್‌ಸಿ) 60. ಮೂರು-ಬಿಂದು ಬೆಂಡ್ ಸ್ಪೆಸಿಮನ್: ದಪ್ಪ 10, ಎತ್ತರ 20, ಸ್ಪ್ಯಾನ್ 80 ಮಿ.ಮೀ., ವೈರ್-ಕಟ್ ನಾಚ್ (ಕಚ್ಚು). ಪರೀಕ್ಷೆಗೆ ಮೊದಲು ಇರಬೇಕಾದ ಚೂಪು ಬಿರುಕು (ಪ್ರೀ-ಕ್ರ್ಯಾಕ್) ಬರಿಸಲು ಫ್ಯಾಟಿಗ್‌ಗೆ, ಅಂದರೆ ಮತ್ತೆ ಮತ್ತೆ ಲೋಡ್ ಹಾಕಿ ಇಳಿಸುವುದಕ್ಕೆ, ಹಾಕಿದರೆ ಬಿರುಕು ಕಾಣಿಸುವ ಮೊದಲೇ ಎರಡು ತುಂಡು. ಬಿರುಕಿಲ್ಲದೆ ಬರೀ ನಾಚ್ ಇಟ್ಟು ಮುರಿದರೆ ಫ್ರ್ಯಾಕ್ಚರ್ ಟಫ್‌ನೆಸ್ (ಬಿರುಕು ಹರಡದಂತೆ ತಡೆಯುವ ಶಕ್ತಿ) 28–35 ಮೆಗಾಪ್ಯಾಸ್ಕಲ್ ರೂಟ್ ಮೀಟರ್ ಬರುತ್ತದೆ. ಇದನ್ನೇ ಬರೆಯಬಹುದಾ? ಅಥವಾ ಹೀಟ್ ಟ್ರೀಟ್‌ಮೆಂಟ್‌ಗೆ ಮೊದಲು, ಮೆದುವಾಗಿದ್ದಾಗಲೇ ಬಿರುಕು ಬರಿಸಲಾ?

ಮುರಿತಮಾಪಕ:
ಎರಡೂ ಬೇಡ. 0.25 ಮಿ.ಮೀ. ವೈರ್ ಕೊರೆದ ನಾಚ್‌ನ ತುದಿ ಮೊಂಡು, ಹಾಗಾಗಿ ಅಂಕಿ ಉಬ್ಬುತ್ತದೆ. ಈ ಗಡಸುತನಕ್ಕೆ 15–20ರ ಆಸುಪಾಸು ನಿರೀಕ್ಷಿಸಿ. ಮೆದು ಉಕ್ಕಿನಲ್ಲಿ ಬರಿಸಿದ ಬಿರುಕು ಕುಲುಮೆಯಲ್ಲಿ ಆಕ್ಸೈಡ್ ಹಿಡಿಯುತ್ತದೆ, ಕ್ವೆಂಚ್‌ನಲ್ಲಿ (ಥಟ್ಟನೆ ತಣಿಸುವಾಗ) ಎತ್ತಲೋ ಓಡುತ್ತದೆ. ಈ ಪರೀಕ್ಷೆಯ ಮಾನದಂಡ ಎಎಸ್‌ಟಿಎಂ ಇ399 ಕೂಡ ಅಂತಿಮ ಹೀಟ್ ಟ್ರೀಟ್‌ಮೆಂಟ್ ಆದ ಮೇಲೆಯೇ ಪ್ರೀ-ಕ್ರ್ಯಾಕ್ ಮಾಡಬೇಕೆನ್ನುತ್ತದೆ.

ಲೆಕ್ಕ ನೋಡಿ: ಬಿರುಕು ಅರ್ಧ ಎತ್ತರ ತಲುಪಿದಾಗ ಟಫ್‌ನೆಸ್ 18 ಎಂದು ಹಿಡಿದರೆ ಮುರಿಯಲು ಬೇಕಾದ ಲೋಡ್ ಸುಮಾರು 2.4 ಕಿಲೋನ್ಯೂಟನ್ ಅಷ್ಟೇ. ಕೊನೆಯ ಹಂತದ ಫ್ಯಾಟಿಗ್ ಅದರ 60% ಮೀರುವಂತಿಲ್ಲ, ಅಂದರೆ 1.4. ಲೋಡ್ ಕಂಟ್ರೋಲ್‌ನಲ್ಲಿ ಬಿರುಕು ಬೆಳೆದಷ್ಟೂ ತುದಿಯ ಒತ್ತಡ ಏರುತ್ತದೆ, ಮೆಷಿನ್ ನಿಲ್ಲಿಸುವಷ್ಟರಲ್ಲಿ ತುಂಡು. ಸ್ಟ್ರೋಕ್ ಕಂಟ್ರೋಲ್‌ಗೆ (ಲೋಡ್ ಬದಲು ಮೆಷಿನ್ ಚಲಿಸುವ ದೂರವನ್ನು ಸ್ಥಿರವಾಗಿಡುವುದು) ಬನ್ನಿ, ಬಿರುಕು ಬೆಳೆದ ಹಾಗೆ ಲೋಡ್ ತಾನೇ ಇಳಿಯುತ್ತದೆ. ನಾಚ್ ಶೆವ್ರಾನ್ (V) ಆಕಾರದ್ದಾದರೆ ಬಿರುಕು ಬೇಗ ಹುಟ್ಟುತ್ತದೆ.

ಬಿರುಕುಬೇಟೆ:
ಅದಕ್ಕೂ ಬಗ್ಗದಿದ್ದರೆ ಕಂಪ್ರೆಶನ್ ಫ್ಯಾಟಿಗ್. ಸ್ಪೆಸಿಮನ್ ಅನ್ನು ನೆಟ್ಟಗೆ ನಿಲ್ಲಿಸಿ ಉದ್ದಕ್ಕೆ ಒತ್ತಿ. ಗರಿಷ್ಠ, ಕನಿಷ್ಠ ಎರಡೂ ಲೋಡ್ ಒತ್ತುವ ದಿಕ್ಕಿನಲ್ಲೇ ಇರಲಿ. ಲೋಡ್ ಇಳಿಸಿದಾಗ ನಾಚ್ ತುದಿಯಲ್ಲಿ ಉಳಿಯುವ ಎಳೆತವೇ ಬಿರುಕು ಹುಟ್ಟಿಸುತ್ತದೆ. ಸ್ವಲ್ಪ ದೂರ ಹೋಗಿ ಅದು ತಾನೇ ನಿಲ್ಲುವುದರಿಂದ ತುಂಡಾಗುವ ಭಯವಿಲ್ಲ. ಆಮೇಲೆ ಬೆಂಡ್‌ನಲ್ಲಿ, ಕಡಿಮೆ ಲೋಡ್‌ನಲ್ಲಿ, ಒಟ್ಟು 1.3 ಮಿ.ಮೀ. ದಾಟಿಸಿ, ಉಳಿಕೆ ಒತ್ತಡದ ವಲಯದಿಂದ ತುದಿ ಹೊರಬರಲೇಬೇಕು. ಎರಡು ತುದಿಗಳನ್ನೂ ಸಮಾನಾಂತರವಾಗಿ ಗ್ರೈಂಡ್ ಮಾಡಿ, ಇಲ್ಲವಾದರೆ ಒಂದೇ ಬದಿ ಬೆಳೆಯುತ್ತದೆ.

ಲೋಹಪ್ರಿಯ:
ಲೋಡ್ ಸೆಲ್ (ಲೋಡ್ ಅಳೆಯುವ ಸಂವೇದಕ) 100 ಕಿಲೋನ್ಯೂಟನ್‌ದು, ನಡೆಯುತ್ತದಾ? ಬಿರುಕಿನ ಗಡಿ ಕಾಣಲು ಪರೀಕ್ಷೆಗೆ ಮೊದಲು ಬಿಸಿ ಮಾಡಿ ಬಣ್ಣ ಬರಿಸಲಾ?

ಮುರಿತಮಾಪಕ:
2.4 ಅಂದರೆ ಆ ಸೆಲ್‌ನ ತಳದಲ್ಲಿ. 5 ಅಥವಾ 10ರದ್ದು ಹಾಕಿ. ಬಣ್ಣ ಖಂಡಿತ ಬೇಡ: ಚೆನ್ನಾಗಿ ಕಾಣುವಷ್ಟು ಬಿಸಿ ಮಾಡಿದರೆ ನಿಮ್ಮ 180ರ ಟೆಂಪರ್ ಕೆಟ್ಟು, ಬೇರೆಯೇ ಉಕ್ಕನ್ನು ಅಳೆದಂತಾಗುತ್ತದೆ. ಮುರಿದ ಮೇಲೆ ಸ್ಟೀರಿಯೋ ಮೈಕ್ರೋಸ್ಕೋಪಿನಲ್ಲಿ ಓರೆ ಬೆಳಕು ಹಾಯಿಸಿದರೆ ನಯವಾದ ಫ್ಯಾಟಿಗ್ ಪಟ್ಟಿ ಬೇರೆಯಾಗಿ ಕಾಣುತ್ತದೆ. ದಪ್ಪದ ಕಾಲು, ಅರ್ಧ, ಮುಕ್ಕಾಲರಲ್ಲಿ ಅಳೆದು ಸರಾಸರಿ ತೆಗೆಯಿರಿ. ಸ್ಪೆಸಿಮನ್ ಕನಿಷ್ಠ ಇಷ್ಟು ದಪ್ಪ ಇರಬೇಕೆಂಬ ಷರತ್ತಿನ ಚಿಂತೆ ಬಿಡಿ. ಯೀಲ್ಡ್ (ಉಕ್ಕು ಶಾಶ್ವತವಾಗಿ ಬಾಗತೊಡಗುವ ಒತ್ತಡ) 1800 ಮೆಗಾಪ್ಯಾಸ್ಕಲ್ ಹಿಡಿದರೆ ಬೇಕಾಗುವುದು ಕಾಲು ಮಿಲಿಮೀಟರ್. ಇಂಥ ಉಕ್ಕಿನಲ್ಲಿ ರಿಸಲ್ಟ್ ಅಮಾನ್ಯವಾಗುವುದು ಹೆಚ್ಚಾಗಿ ಬಿರುಕಿನ ಅಂಚು ಓರೆಯಾದಾಗ.